ನೋವು ಒಂದು ಕಡೆ, ತಪ್ಪು ಇನ್ನೊಂದು ಕಡೆ: ಸೈಕಲ್ ಅಳತೆಯ ದೋಷ ಹುಡುಕುವುದು ಹೇಗೆ

ಮೊದಲು ಕೈ ಜೋಮು ಹಿಡಿಯಿತು. ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೊರಟರೆ ದೇವನಹಳ್ಳಿ ಮುಟ್ಟುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಇದ್ದಾವೋ ಇಲ್ಲವೋ ಅನ್ನುವ ಹಾಗಾಗುತ್ತಿತ್ತು. ದಪ್ಪ ಗ್ಲೌಸ್ ತಂದೆ. ಗ್ರಿಪ್ ಬದಲಿಸಿದೆ. ಏನೂ ಆಗಲಿಲ್ಲ. ಹ್ಯಾಂಡಲ್ ದೂರವಾಯಿತೇನೋ ಅನ್ನಿಸಿ ಸೀಟನ್ನು ಮುಂದಕ್ಕೆ ತಳ್ಳಿದೆ. ಕೈ ಕೊಂಚ ಹಗುರಾಯಿತು. ಆದರೆ ಮೂರೇ ವಾರಕ್ಕೆ ಮಂಡಿಚಿಪ್ಪಿನ ಮುಂದೆ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುವ ಹಾಗಾಯಿತು.

ನನ್ನ ಎತ್ತರ 5 ಅಡಿ 7 ಇಂಚು. ಅಂಗಡಿಯಲ್ಲಿ ನನ್ನನ್ನು ಒಮ್ಮೆ ನೋಡಿ "ನಿಮ್ಮ ಹೈಟಿಗೆ ಲಾರ್ಜ್ ಸರಿ ಸಾರ್" ಅಂದಿದ್ದರು. ಯಾರೂ ಟೇಪು ಹಿಡಿಯಲಿಲ್ಲ, ನಾನೂ ಕೇಳಲಿಲ್ಲ. ಕೈಯಿಂದ ಮಂಡಿಗೆ ಹೋದ ಆ ನೋವಿನ ಮೂಲ ಅದೇ ಲಾರ್ಜ್ ಫ್ರೇಮ್ ಅನ್ನುವುದು ತಿಳಿಯಲು ಆರು ತಿಂಗಳು ಬೇಕಾಯಿತು. ಅಷ್ಟು ದಿನ ನಿಮಗೆ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಆಗ ಕಲಿತದ್ದು ಇಷ್ಟು. ಸೈಕಲ್ ಮೇಲೆ ನೋಯುವ ಜಾಗ ಒಂದು, ತಪ್ಪಿರುವ ಜಾಗ ಇನ್ನೊಂದು. ನೋಯುವ ಜಾಗವನ್ನೇ ಸರಿಮಾಡಲು ಹೋದರೆ ನೋವು ಮನೆ ಬದಲಿಸುತ್ತದೆ, ಊರು ಬಿಡುವುದಿಲ್ಲ. ಅದಕ್ಕೆ ಒಂದು ಕ್ರಮ ಬೇಕು: ಕಾಲಿನಿಂದ ಶುರುಮಾಡಿ ಕೈಗೆ ಬರಬೇಕು. ಸೀಟು ಪೆಡಲಿಗೆ ಹೊಂದಬೇಕು, ಹ್ಯಾಂಡಲ್ ಸೀಟಿಗೆ ಹೊಂದಬೇಕು. ಇವೆರಡನ್ನೂ ಹೊಂದಿಸಲು ಜಾಗವೇ ಸಾಲದಿದ್ದಾಗ ಮಾತ್ರ ಫ್ರೇಮ್ ತಪ್ಪು ಅನ್ನಬೇಕು.

ನಿಮ್ಮ ಸೈಕಲ್ ಮೇಲಿನ ನಂಬರ್ ಯಾವುದರದ್ದು?

ನಮ್ಮಲ್ಲಿ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. "ನಂದು 26 ಇಂಚು", "ನಂದು 29" ಅನ್ನುತ್ತೇವೆ. ಅದು ಚಕ್ರದ ಅಳತೆ. 26, 27.5, 29, 700ಸಿ ಎಲ್ಲವೂ ಚಕ್ರದವೇ. ಅವು ನಿಮ್ಮ ಮೈಗೆ ಸೈಕಲ್ ಹೊಂದುತ್ತದೋ ಇಲ್ಲವೋ ಹೇಳುವುದಿಲ್ಲ. ಒಂದೇ 29ರ ಚಕ್ರಕ್ಕೆ 15 ಇಂಚಿನ ಫ್ರೇಮೂ ಇರುತ್ತದೆ, 21 ಇಂಚಿನ ಫ್ರೇಮೂ ಇರುತ್ತದೆ. ಹಳೆಯ ಕರಿ ಸೈಕಲ್ ಕೊಂಡವರಿಗೆ ಈ ಗೊಂದಲ ಇರಲಿಲ್ಲ. "22 ಬೇಕೋ 24 ಬೇಕೋ" ಅಂದರೆ ಅದು ಫ್ರೇಮಿನ ಮಾತು. ಚಕ್ರ ಎರಡಕ್ಕೂ 28 ಇಂಚಿನದೇ.

ಫ್ರೇಮಿನ ಅಳತೆ ಅಂದರೆ ಸೀಟಿನ ಕೆಳಗಿನ ಕೊಳವೆಯ ಉದ್ದ. ಪೆಡಲ್ ಹೊತ್ತ ಎರಡು ತೋಳು, ಅಂದರೆ ಕ್ರ್ಯಾಂಕ್, ಸೇರುವ ಜಾಗಕ್ಕೆ ಬಾಟಮ್ ಬ್ರಾಕೆಟ್ ಅನ್ನುತ್ತಾರೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ ಬಿಬಿ. ಅದರ ನಡುವಿನಿಂದ ಸೀಟ್ ಟ್ಯೂಬಿನ ತುದಿಯವರೆಗೆ ಟೇಪು ಹಿಡಿದರೆ ಬರುವ ಸಂಖ್ಯೆ ಅದು. ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಫ್ರೇಮಿನ ಮೇಲಿನ ಬಾರು ನೆಲಕ್ಕೆ ಸಮನಾಗಿದ್ದ ಕಾಲದಲ್ಲಿ ಈ ಒಂದು ಸಂಖ್ಯೆ ಸಾಕಾಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಜಯಂಟ್ ಕಂಪನಿ ಮೈಕ್ ಬರೋಸ್ ಅನ್ನುವ ಇಂಗ್ಲೆಂಡಿನ ವಿನ್ಯಾಸಗಾರರ ಕೈಯಲ್ಲಿ ಬಾರು ಹಿಂದಕ್ಕೆ ಇಳಿಜಾರಾದ ರೇಸ್ ಫ್ರೇಮ್ ಮಾಡಿಸಿತು. ಸೀಟು ಹೊತ್ತ ಸೀಟ್ ಪೋಸ್ಟನ್ನೂ ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನೂ ಬದಲಿಸಿಕೊಂಡರೆ ಕೆಲವೇ ಅಳತೆಗಳಲ್ಲಿ ಬಹಳ ಜನರನ್ನು ಕೂರಿಸಬಹುದು ಅನ್ನುವುದು ಅದರ ಲೆಕ್ಕ. ಸ್ಮಾಲ್, ಮೀಡಿಯಂ, ಲಾರ್ಜ್ ಅನ್ನುವ ಅಂಗಿಯ ಅಳತೆ ರೋಡ್ ಸೈಕಲಿಗೂ ಬಂದದ್ದು ಹಾಗೆ. ಅಂಗಿಯ ಹಾಗೇ ಇಲ್ಲೂ ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಲಾರ್ಜ್ ಆಗಿರಬಹುದು. ಅಕ್ಷರ ನಂಬಬೇಡಿ, ಸಂಖ್ಯೆ ನೋಡಿ.

ಅಳತೆಗೆ ಮುಂಚೆ ಐದು ನಿಮಿಷ

ಸೀಟ್ ಪೋಸ್ಟ್ ಫ್ರೇಮಿನೊಳಗೆ ಹೋಗುವ ಜಾಗದಲ್ಲಿ ಕರೆಂಟ್ ಕೆಲಸದವರ ಇನ್ಸುಲೇಷನ್ ಟೇಪು ಒಂದು ಸುತ್ತು ಸುತ್ತಿ. ಒಂದು ವಾರ ಓಡಿಸಿ ನೋಡಿ. ಟೇಪು ಮಡಚಿಕೊಂಡಿದ್ದರೆ ಅಥವಾ ಕಾಣಿಸದೇ ಹೋಗಿದ್ದರೆ ನಿಮ್ಮ ಸೀಟು ದಿನಾ ಚೂರು ಚೂರೇ ಇಳಿಯುತ್ತಿದೆ. ತಿಂಗಳಲ್ಲಿ ಎರಡು ಸೆಂಟಿಮೀಟರ್ ಇಳಿದರೂ ಕೂತವರಿಗೆ ಗೊತ್ತಾಗುವುದಿಲ್ಲ, ಮಂಡಿಗೆ ಗೊತ್ತಾಗುತ್ತದೆ. "ಇಷ್ಟು ದಿನ ಸರಿ ಇತ್ತು, ಈಗ ನೋವು" ಅನ್ನುವವರಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಪೆಡಲ್ ತಿರುಗಿಸಿ ಅದರ ಅಚ್ಚು ಬಾಗಿದೆಯಾ ನೋಡಿ. ಸೈಕಲ್ ಒಮ್ಮೆ ಬಿದ್ದಿದ್ದರೆ ಬಾಗಿರಬಹುದು. ಒಂದೇ ಮಂಡಿಯ ಪಕ್ಕದಲ್ಲಿ ನೋವಿದ್ದರೆ ಈ ಅನುಮಾನ ಜಾಸ್ತಿ. ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು, ಅಂದರೆ ಕ್ಲೀಟ್, ಅಡಿಯಲ್ಲಿರುವ ಶೂ ಹಾಕುವವರು ಆ ಕಾಲಿನ ಕ್ಲೀಟ್ ತಿರುಚಿಕೊಂಡಿದೆಯಾ ನೋಡಬೇಕು.

ಇನ್ನೊಂದು, ಗೇರು. ಏರಿನಲ್ಲೂ ಭಾರದ ಗೇರಿನಲ್ಲೇ ಮೆಲ್ಲಗೆ ತುಳಿಯುವ ಅಭ್ಯಾಸ ಇದ್ದರೆ ಎಷ್ಟೇ ಸರಿಯಾಗಿ ಅಳತೆ ಮಾಡಿದ ಸೈಕಲ್ ಮೇಲೂ ಮಂಡಿ ನೋಯುತ್ತದೆ. ಸಮ ರಸ್ತೆಯಲ್ಲಿ ನಿಮಿಷಕ್ಕೆ 80 ಸುತ್ತಿನ ಆಸುಪಾಸು ತುಳಿಯುವಂಥ ಹಗುರ ಗೇರಿಗೆ ಒಂದು ವಾರ ಹೋಗಿ ನೋಡಿ. ನೋವು ಹೋದರೆ ಟೇಪು ಹುಡುಕುವ ಕೆಲಸವೇ ಇಲ್ಲ.

ಕಾಲಿನ ಒಳ ಅಳತೆ

ಪ್ಯಾಂಟ್ ಹೊಲಿಸಲು ದರ್ಜಿ ತೆಗೆಯುವ ಅಳತೆ ಇಲ್ಲಿ ಬರುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ. ರಟ್ಟಿನ ದಪ್ಪ ಪುಸ್ತಕವೊಂದನ್ನು ಕಾಲ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಒತ್ತಿ ಮೇಲಕ್ಕೆತ್ತಿ. ಪುಸ್ತಕದ ಒಂದು ಅಂಚು ಗೋಡೆಗೆ ತಾಗಿರಲಿ, ವಾಲಬಾರದು. ಮೇಲಂಚಿನಿಂದ ನೆಲಕ್ಕೆ ಇನ್ನೊಬ್ಬರು ಅಳೆಯಲಿ. ಮೂರು ಸಲ ಅಳೆಯಿರಿ. ಸಂಕೋಚಪಟ್ಟು ಮೆಲ್ಲಗೆ ಒತ್ತಿದರೆ ಎರಡು ಸೆಂಟಿಮೀಟರ್ ಕಡಿಮೆ ಬರುತ್ತದೆ, ಆಮೇಲಿನ ಲೆಕ್ಕವೆಲ್ಲ ತಪ್ಪುತ್ತದೆ.

ನನಗೆ ಬಂದದ್ದು 78 ಸೆಂಟಿಮೀಟರ್. ನನ್ನಷ್ಟೇ ಎತ್ತರದ ಗೆಳೆಯನಿಗೆ 82. ಅವನ ಕಾಲು ಉದ್ದ, ನನ್ನ ಮುಂಡ ಉದ್ದ. ಬರೀ ಎತ್ತರ ನೋಡಿ ಸೈಕಲ್ ಕೊಡುವುದು ಯಾಕೆ ತಪ್ಪು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಸೀಟಿನ ಎತ್ತರ: ಮುಕ್ಕಾಲು ಪಾಲು ದೋಷ ಇಲ್ಲೇ

ನಾನು ನೋಡಿದ ಸೈಕಲ್‌ಗಳಲ್ಲಿ ಹೆಚ್ಚಿನವುಗಳ ಸೀಟು ತಗ್ಗು. ಕಾರಣ ಒಂದೇ. ಕೂತಲ್ಲಿಂದ ಎರಡೂ ಕಾಲು ನೆಲಕ್ಕೆ ಊರಬೇಕು ಅನ್ನುವ ಆಸೆ. ಆದರೆ ಬಿಬಿ ನೆಲದಿಂದ ಮೇಲಿದೆ, ಪೆಡಲ್ ಕೆಳಗಿನ ತುದಿಗೆ ಬಂದಾಗಲೂ ನೆಲದಿಂದ ಮೇಲೇ ಇರುತ್ತದೆ. ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿಸಿದರೆ ತುಳಿಯುವಾಗ ಮಂಡಿ ಮಡಚಿಯೇ ಇರುತ್ತದೆ. ಮಡಚಿದ ಮಂಡಿಯ ಮೇಲೆ ಬಲ ಹಾಕಿದಷ್ಟೂ ಮಂಡಿಚಿಪ್ಪು ಹಿಂದಿನ ಮೂಳೆಗೆ ಒತ್ತುತ್ತದೆ. ನೋವು ಮುಂದೆ ಕಾಣಿಸುವುದು ಅದಕ್ಕೇ.

ಲೆಕ್ಕ ಎರಡಿವೆ. ಟೂರ್ ದ ಫ್ರಾನ್ಸ್ ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ 1980ರ ದಶಕದಲ್ಲಿ ಜನಪ್ರಿಯ ಮಾಡಿದ್ದು ಒಂದು: ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸಿದರೆ ಬಿಬಿ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ. ನನ್ನ 78ಕ್ಕೆ 68.9 ಸೆಂಟಿಮೀಟರ್. ಇನ್ನೊಂದು 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಅನ್ನುವ ಸಂಶೋಧಕರು ಮಾಡಿದ ಪ್ರಯೋಗದಿಂದ ಬಂದದ್ದು: ಪೆಡಲ್ ಕೆಳಗಿರುವಾಗ ಅಲ್ಲಿಂದ ಸೀಟಿನವರೆಗೆ ಒಳ ಅಳತೆಯ ಶೇ. 109ರಷ್ಟು. ನನಗೆ 85. ಅದರಲ್ಲಿ ಕ್ರ್ಯಾಂಕಿನ 17 ಸೆಂಟಿಮೀಟರ್ ಕಳೆದರೆ ಬಿಬಿಯಿಂದ 68. ಎರಡಕ್ಕೂ ಒಂದು ಸೆಂಟಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ನೀವು ತಗ್ಗಿನದನ್ನು ಹಿಡಿದು ಶುರುಮಾಡಿ.

ಲೆಕ್ಕ ಬೇಡ ಅನ್ನುವವರಿಗೆ ಹಿಮ್ಮಡಿಯ ಪರೀಕ್ಷೆ ಇದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ಕೆಳತುದಿಗೆ ಬಂದಾಗ ಕಾಲು ಸರಿಯಾಗಿ ನೇರ ಆಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಬೇಕಾದಷ್ಟು ಮಡಚುತ್ತದೆ. ಮಡಚು 25ರಿಂದ 35 ಡಿಗ್ರಿ ಇದ್ದರೆ ಒಳ್ಳೆಯದು. ಮೊಬೈಲನ್ನು ಪಕ್ಕದಲ್ಲಿಟ್ಟು ವಿಡಿಯೋ ಮಾಡಿ, ಕೆಳತುದಿಯಲ್ಲಿ ನಿಲ್ಲಿಸಿ ನೋಡಿದರೆ ಅಂದಾಜು ಸಿಗುತ್ತದೆ. ನೀವು ದಿನಾ ಏನು ಹಾಕಿಕೊಂಡು ತುಳಿಯುತ್ತೀರೋ ಅದನ್ನೇ ಹಾಕಿಕೊಂಡು ಮಾಡಿ. ಹವಾಯಿ ಚಪ್ಪಲಿಗೂ ದಪ್ಪ ಶೂಗೂ ಒಂದು ಸೆಂಟಿಮೀಟರ್ ಮೇಲೇ ವ್ಯತ್ಯಾಸ ಬರುತ್ತದೆ.

ಸೀಟು ಎತ್ತರವಾದರೆ ಗುರುತು ಬೇರೆ. ನೋವು ಮಂಡಿಯ ಹಿಂದೆ ಬರುತ್ತದೆ, ಅಥವಾ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿನಲ್ಲಿ. ಪೆಡಲ್ ಮುಟ್ಟಲು ಬೆರಳ ತುದಿ ಚಾಚುತ್ತೀರಿ. ಹಿಂದಿನಿಂದ ಯಾರಾದರೂ ನೋಡಿದರೆ ಸೊಂಟ ಅತ್ತಿತ್ತ ವಾಲುವುದು ಕಾಣುತ್ತದೆ. ತೊಡೆಸಂದು ಉಜ್ಜಿ ಉರಿಯುವುದೂ ಹಲವರಲ್ಲಿ ಇದರಿಂದಲೇ. ಅವರು ಮೆತ್ತನೆಯ ಸೀಟು ಕವರ್ ಕೊಳ್ಳುತ್ತಾರೆ. ಸೀಟನ್ನು ಒಂದು ಸೆಂಟಿಮೀಟರ್ ಇಳಿಸಿದ್ದರೆ ಸಾಕಿತ್ತು.

ಮಂಡ್ಯದ ಕಡೆ ನನ್ನ ಸೋದರಮಾವ ಈಗಲೂ ಕ್ಯಾರಿಯರ್‌ಗೆ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬರುತ್ತಾರೆ. 22 ಇಂಚಿನ ಕರಿ ಸೈಕಲ್. ಮಂಡಿ ನೋವು ಅಂತ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನೋಡಿದರೆ ಸೀಟು ಪೂರ್ತಿ ಕೆಳಗೆ. "ಮಾವ, ಸ್ವಲ್ಪ ಎತ್ತೋಣ" ಅಂದೆ. "ಕಾಲು ನೆಲಕ್ಕೆ ಎಟುಕದಿದ್ರೆ ಹಾಲು ಸಮೇತ ಬಿದ್ಬಿಡ್ತೀನಲ್ಲ ಮಗ" ಅಂದರು. ಅವರ ಭಯ ಸುಳ್ಳಲ್ಲ. ಹಿಂದೆ ಇಪ್ಪತ್ತು ಲೀಟರ್ ಹಾಲಿರುವವರಿಗೆ ಲೆಮಾಂಡ್ ಲೆಕ್ಕ ಹೇಳುವುದು ಸರಿಯಲ್ಲ. ವಾರಕ್ಕೆ ಅರ್ಧ ಸೆಂಟಿಮೀಟರಿನಂತೆ ಐದು ವಾರ ಎತ್ತಿದೆವು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರುವುದನ್ನು ಅವರು ಎರಡೇ ದಿನದಲ್ಲಿ ರೂಢಿ ಮಾಡಿಕೊಂಡರು. ಲೆಕ್ಕದ ಎತ್ತರಕ್ಕೆ ಇನ್ನೂ ಎರಡು ಸೆಂಟಿಮೀಟರ್ ಬಾಕಿ ಇದೆ. ಎಣ್ಣೆ ಮಾತ್ರ ನಿಂತಿದೆ. ನಮಗೆ ಅಷ್ಟು ಸಾಕು.

ನೀವೂ ಹಾಗೇ ಮಾಡಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್, ಆಮೇಲೆ ನಾಲ್ಕೈದು ದಿನ ಓಡಿಸುವುದು. ಒಂದೇ ದಿನ ಸೀಟು, ಹ್ಯಾಂಡಲ್, ಶೂ ಎಲ್ಲ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಎತ್ತುವಾಗ ಸೀಟ್ ಪೋಸ್ಟ್ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣಬಾರದು. ಆ ಗೆರೆ ಮೀರಿದರೆ ಪೋಸ್ಟ್ ಅಥವಾ ಫ್ರೇಮ್ ಮುರಿಯಬಹುದು.

ಸೀಟು ಹಿಂದೆ ಮುಂದೆ, ಮತ್ತು ಓರೆ

ಎತ್ತರ ನಿಂತ ಮೇಲೆ ಇದು. ಕ್ರ್ಯಾಂಕ್‌ಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ. ದಾರಕ್ಕೆ ಒಂದು ನಟ್ಟು ಕಟ್ಟಿ, ಗಾರೆಯವರು ಗುಂಡು ಬಿಡುವ ಹಾಗೆ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಇಳಿಬಿಡಿ. ದಾರ ಪೆಡಲಿನ ಅಚ್ಚಿನ ಹತ್ತಿರ ಬಂದರೆ ಶುರುವಿಗೆ ಸಾಕು. ಇದು ಕಟ್ಟುನಿಟ್ಟಿನ ನಿಯಮವಲ್ಲ. ಒಂದು ಸೆಂಟಿಮೀಟರ್ ಹಿಂದಿದ್ದು ಆರಾಮಾಗಿರುವವರು ಬಹಳ ಜನ ಇದ್ದಾರೆ. ಆದರೆ ದಾರ ಅಚ್ಚಿಗಿಂತ ಮೂರು ಸೆಂಟಿಮೀಟರ್ ಮುಂದೆ ಬಿದ್ದು, ಮಂಡಿಯ ಮುಂದೆ ನೋವೂ ಇದ್ದರೆ ಸೀಟು ಹಿಂದಕ್ಕೆ ಹೋಗಲೇಬೇಕು. ನನ್ನದು ಹಾಗೇ ಬಿದ್ದಿತ್ತು.

ಒಂದು ಎಚ್ಚರಿಕೆ. ಸೀಟನ್ನು ಒಂದು ಸೆಂಟಿಮೀಟರ್ ಹಿಂದೆ ಸರಿಸಿದರೆ ಅದು ಬಿಬಿಯಿಂದ ಸುಮಾರು 3 ಮಿಲಿಮೀಟರ್ ದೂರವಾಗುತ್ತದೆ. ಅಷ್ಟು ಇಳಿಸಿಕೊಳ್ಳಿ.

ಓರೆ ನೋಡಲು ಸೀಟಿನ ಉದ್ದಕ್ಕೆ ಒಂದು ಹಲಗೆ ಇಟ್ಟು ರಸಮಟ್ಟ ಇಡಿ. ಸಮ ಇರಲಿ. ಮೂತಿ ಮೇಲೆದ್ದರೆ ತೊಡೆಸಂದು ಜೋಮು ಹಿಡಿಯುತ್ತದೆ. ಹಾಗಂತ ಮೂತಿಯನ್ನು ತೀರಾ ತಗ್ಗಿಸಿದರೆ ಮೈ ಮುಂದಕ್ಕೆ ಜಾರುತ್ತಾ, ತಡೆಯುವ ಕೆಲಸವೆಲ್ಲ ಕೈಗೆ ಬೀಳುತ್ತದೆ. ಕೈ ಜೋಮಿಗೆ ಸೀಟಿನ ಓರೆ ಕಾರಣ ಅಂದರೆ ನಂಬುವುದು ಕಷ್ಟ, ಅಲ್ವಾ? ಒಂದು ಸಲ ರಸಮಟ್ಟ ಇಟ್ಟು ನೋಡಿ.

ಈಗ ಕೈ, ಕತ್ತು, ಬೆನ್ನು

ಕಿರುಬೆರಳು ಮತ್ತು ಉಂಗುರ ಬೆರಳು ಜೋಮಾದರೆ ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರ ಒತ್ತಿದೆ. ಹೆಬ್ಬೆರಳು, ತೋರುಬೆರಳ ಕಡೆ ಆದರೆ ಮಣಿಕಟ್ಟಿನ ನಡುವಿನ ನರ. ಎರಡಕ್ಕೂ ಕಾರಣ ಕೈ ಮೇಲೆ ಬೀಳುತ್ತಿರುವ ಭಾರ, ಇಲ್ಲವೇ ಮಣಿಕಟ್ಟು ಬಾಗಿರುವ ರೀತಿ. ಕತ್ತು, ಹೆಗಲು ನೋಯುವವರು ಸಾಮಾನ್ಯವಾಗಿ ದೂರದ ಅಥವಾ ತಗ್ಗಿನ ಹ್ಯಾಂಡಲಿಗೆ ಚಾಚಿಕೊಂಡಿರುತ್ತಾರೆ. ಮುಂದೆ ನೋಡಲು ಕತ್ತನ್ನು ಮೇಲೆತ್ತಲೇಬೇಕು.

ಸಮ ರಸ್ತೆಯಲ್ಲಿ ಹದವಾಗಿ ತುಳಿಯುತ್ತಾ ಹ್ಯಾಂಡಲಿನ ಹಿಡಿತ ಸಡಿಲಿಸಿ. ಕೈ ಎತ್ತಬೇಡಿ, ಬೆರಳು ಬಿಗಿ ಬಿಟ್ಟರೆ ಸಾಕು. ಮೈ ಇದ್ದಲ್ಲೇ ನಿಂತರೆ ಸರಿ. ಮುಂದಕ್ಕೆ ಕುಸಿದರೆ ಕೈ ಕಂಬದ ಕೆಲಸ ಮಾಡುತ್ತಿದೆ. ಮೊಣಕೈ ಚೂರು ಮಡಚಿರಬೇಕು. ಕೋಲಿನ ಹಾಗೆ ನೆಟ್ಟಗಿದ್ದರೆ ಹ್ಯಾಂಡಲ್ ದೂರ.

ಇಲ್ಲಿ ಎಲ್ಲರೂ ಮಾಡುವ ತಪ್ಪು ನಾನು ಮಾಡಿದ್ದೇ: ಸೀಟನ್ನು ಮುಂದೆ ತಳ್ಳುವುದು. ಸೀಟಿನ ಜಾಗ ಗೊತ್ತು ಮಾಡುವುದು ಪೆಡಲ್. ಹ್ಯಾಂಡಲ್ ಹತ್ತಿರ ಮಾಡಲು ಅದನ್ನು ಸರಿಸಬಾರದು. ಸ್ಟೆಮ್ ಬದಲಿಸಿ. ಫೋರ್ಕಿಗೂ ಹ್ಯಾಂಡಲಿಗೂ ನಡುವೆ ಇರುವ ಆ ತುಂಡು ಹತ್ತು ಹತ್ತು ಮಿಲಿಮೀಟರ್ ವ್ಯತ್ಯಾಸದಲ್ಲಿ ಸಿಗುತ್ತದೆ. ಅದರ ಮೇಲೆ ಬಳೆಗಳಿದ್ದರೆ ಅವನ್ನು ತೆಗೆದು ಸ್ಟೆಮ್ಮಿನ ಕೆಳಗೆ ಹಾಕಿ ಹ್ಯಾಂಡಲ್ ಎತ್ತರಿಸಬಹುದು. ಎಷ್ಟೋ ಸ್ಟೆಮ್‌ಗಳನ್ನು ತಲೆಕೆಳಗು ಮಾಡಿ ಹಾಕಿದರೆ ಮುಂತುದಿ ಮೇಲಾಗುತ್ತದೆ, ಕಾಸು ಖರ್ಚಿಲ್ಲ. ಹಳೆಯ ಸೈಕಲಿನಲ್ಲಿ ಮೇಲಿನ ಬೋಲ್ಟ್ ಸಡಿಲಿಸಿ ಮೆಲ್ಲಗೆ ತಟ್ಟಿದರೆ ಹ್ಯಾಂಡಲ್ಲೇ ಮೇಲೆ ಬರುತ್ತದೆ, ಅದಕ್ಕೂ ಮೀರಬಾರದ ಗೆರೆ ಇದೆ.

ನನ್ನ ಸೈಕಲಿನಲ್ಲಿ ಸೀಟನ್ನು ಸರಿಯಾದ ಜಾಗಕ್ಕೆ ವಾಪಸ್ ತಂದು, 90 ಮಿಲಿಮೀಟರಿನ ಸ್ಟೆಮ್ ತೆಗೆದು 60ರದ್ದು ಹಾಕಿದೆ. ಮಂಡಿ ನೋವು ಹೋಯಿತು. ಜೋಮು ಅರ್ಧ ಕಡಿಮೆಯಾಯಿತು. ಆದರೆ ಬೆಟ್ಟ ಇಳಿಯುವಾಗ ಹ್ಯಾಂಡಲ್ ಚುರುಕಾಗಿ ಅತ್ತಿತ್ತ ಎಳೆಯತೊಡಗಿತು. ಇನ್ನು ಸರಿಸಲು ಜಾಗವಿರಲಿಲ್ಲ. ಆಗ ಫ್ರೇಮಿನ ಅಳತೆ ತೆಗೆದು ನೋಡಿದೆ.

ಫ್ರೇಮೇ ತಪ್ಪು ಅಂತ ಯಾವಾಗ ಹೇಳುವುದು

ದೊಡ್ಡದಾದ ಫ್ರೇಮ್: ಸೀಟ್ ಪೋಸ್ಟ್ ಹೊರಗೆ ಮೂರ್ನಾಲ್ಕು ಬೆರಳಷ್ಟೂ ಕಾಣುವುದಿಲ್ಲ, ಆದರೂ ಕಾಲು ಚಾಚಬೇಕು. ಸ್ಟೆಮ್ ಆಗಲೇ ಗಿಡ್ಡ, ಆದರೂ ಹ್ಯಾಂಡಲ್ ದೂರ. ಬಾರಿನ ಮೇಲೆ ಕಾಲು ಹಾಕಿ ನಿಂತರೆ ತಗಲುತ್ತದೆ. ಈ ಬಾರು ನೆಲಕ್ಕೆ ಸಮನಾಗಿರುವ ಸೈಕಲಿನಲ್ಲಿ ಎರಡು ಮೂರು ಸೆಂಟಿಮೀಟರ್ ಬಿಡುವು ಇರಬೇಕು, ಮಣ್ಣುದಾರಿಯ ಸೈಕಲಿಗೆ ಇನ್ನೂ ಜಾಸ್ತಿ. ಬಾರು ಇಳಿಜಾರಾಗಿದ್ದರೆ ಈ ಪರೀಕ್ಷೆ ನಂಬಬೇಡಿ. ನನ್ನ ಲಾರ್ಜ್ ಇದರಲ್ಲಿ ಪಾಸಾಗಿತ್ತು.

ಚಿಕ್ಕದಾದ ಫ್ರೇಮ್: ಪೋಸ್ಟ್ ಗೆರೆಯವರೆಗೆ ಬಂದರೂ ಮಂಡಿ ಮಡಚಿದೆ. ತಿರುಗುವಾಗ ಮಂಡಿ ಹ್ಯಾಂಡಲಿಗೆ ಬಡಿಯುತ್ತದೆ. ಸೀಟು ಹ್ಯಾಂಡಲಿಗಿಂತ ಒಂದು ಗೇಣು ಮೇಲಿದೆ. ಶೂ ತುದಿ ಮುಂದಿನ ಚಕ್ರಕ್ಕೆ ತಗಲಿದರೆ ಮಾತ್ರ ಗಾಬರಿ ಬೇಡ. 700ಸಿ ಚಕ್ರದ ಚಿಕ್ಕ ಫ್ರೇಮ್‌ಗಳಲ್ಲಿ ಅಳತೆ ಸರಿ ಇದ್ದರೂ ಮೆಲ್ಲಗೆ ತಿರುಗುವಾಗ ಅದು ಆಗುತ್ತದೆ.

ಹೊಸದು ಕೊಳ್ಳುವಾಗ ಕಂಪನಿಯ ಪಟ್ಟಿಯಲ್ಲಿ ರೀಚ್, ಸ್ಟ್ಯಾಕ್ ಅನ್ನುವ ಎರಡು ಸಂಖ್ಯೆ ನೋಡಿ. ಬಿಬಿಯಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಅಲ್ಲಿಂದ ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿಗೆ ಅಡ್ಡಲಾಗಿರುವ ದೂರ ರೀಚ್. ಬಿಬಿಯಿಂದ ಅದೇ ತುದಿಗೆ ಇರುವ ಎತ್ತರ ಸ್ಟ್ಯಾಕ್. ಒಂದೇ ಬಗೆಯ ಎರಡು ಸೈಕಲ್‌ಗಳನ್ನು ಹೋಲಿಸಲು ಇವುಗಳಷ್ಟು ನಂಬಿಕಸ್ಥ ಸಂಖ್ಯೆ ಇಲ್ಲ. ನನ್ನ ಲಾರ್ಜಿಗೂ ಅದೇ ಮಾದರಿಯ ಮೀಡಿಯಮ್ಮಿಗೂ ರೀಚಿನಲ್ಲಿ 15 ಮಿಲಿಮೀಟರ್ ವ್ಯತ್ಯಾಸ ಇತ್ತು. ಮಾರಿ ಮೀಡಿಯಂ ತಂದೆ, 80ರ ಸ್ಟೆಮ್ ಹಾಕಿದೆ. ಈಗ ನಂದಿ ಹತ್ತಿ ಇಳಿದು ಮನೆಗೆ ಬಂದರೂ ಹತ್ತೂ ಬೆರಳು ನನ್ನವೇ.

ರೇಸ್ ಮಾದರಿಯ ಸೈಕಲ್ ಹಳೆಯದು ಕೊಳ್ಳುವುದಾದರೆ, ಮೇಲಿನ ಬಾರು ನೆಲಕ್ಕೆ ಸಮನಾಗಿದ್ದಲ್ಲಿ, ಒಳ ಅಳತೆಯನ್ನು 0.65ರಿಂದ ಗುಣಿಸಿ. ಸೀಟ್ ಟ್ಯೂಬ್ ಎಷ್ಟು ಸೆಂಟಿಮೀಟರ್ ಇರಬೇಕು ಅನ್ನುವ ಅಂದಾಜು ಬರುತ್ತದೆ. ನನಗೆ 51ರ ಹತ್ತಿರ.

ಮಕ್ಕಳ ವಿಷಯದಲ್ಲಿ ನನಗೆ ಬೇಸರ ಇದೆ. ಬೆಳೆಯುವ ಮಗು ಅಂತ ಯೂನಿಫಾರ್ಮ್ ಎರಡಿಂಚು ಉದ್ದ ಹೊಲಿಸುವ ಹಾಗೆ ಸೈಕಲನ್ನೂ ದೊಡ್ಡದು ಕೊಡಿಸುತ್ತಾರೆ. ಉದ್ದದ ಲಂಗದಿಂದ ಯಾರೂ ಲಾರಿ ಕೆಳಗೆ ಬೀಳುವುದಿಲ್ಲ. ಬ್ರೇಕ್ ಲಿವರ್‌ಗೆ ಬೆರಳು ಎಟುಕದ ಸೈಕಲ್ ಮೇಲೆ ಮಗುವನ್ನು ರಸ್ತೆಗೆ ಬಿಡುವುದು ಬೇರೆ ಮಾತು. ಈಗಿನ ಅಳತೆಗೆ ಸರಿ ಇರುವುದನ್ನೇ, ಸೆಕೆಂಡ್ ಹ್ಯಾಂಡ್ ಆದರೂ ಸರಿ, ಕೊಡಿಸಿ. ಮೂರು ತಿಂಗಳಿಗೊಮ್ಮೆ ಸೀಟು ಎತ್ತಿಕೊಡಿ.

ಎಲ್ಲ ಸರಿಮಾಡಿದ ಮೇಲೂ ಸೈಕಲ್ ಇಳಿದು ಒಂದೆರಡು ದಿನ ಕಳೆದರೂ ಜೋಮು ಬಿಡದಿದ್ದರೆ, ಮಂಡಿ ಊದಿಕೊಂಡರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಅಲೆನ್ ಕೀ ಕೆಳಗಿಟ್ಟು ವೈದ್ಯರ ಹತ್ತಿರ ಹೋಗಿ.

ಸರಿ ಬಂದ ದಿನ ನಾಲ್ಕು ಅಳತೆ ಬರೆದಿಡಿ: ಬಿಬಿಯಿಂದ ಸೀಟಿನ ಎತ್ತರ, ಸೀಟಿನ ಮೂತಿಯಿಂದ ಹ್ಯಾಂಡಲಿಗೆ ದೂರ, ಸೀಟಿಗಿಂತ ಹ್ಯಾಂಡಲ್ ಎಷ್ಟು ಮೇಲೆ ಅಥವಾ ಕೆಳಗೆ, ಸ್ಟೆಮ್ಮಿನ ಉದ್ದ. ಸರ್ವೀಸಿಗೆ ಕೊಟ್ಟಾಗ ಸೀಟ್ ಪೋಸ್ಟ್ ಬಿಚ್ಚಿಯೇ ಬಿಚ್ಚುತ್ತಾರೆ, ಅಂದಾಜಿನಲ್ಲಿ ವಾಪಸ್ ಹಾಕುತ್ತಾರೆ. ನನ್ನ ಅಳತೆ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿದೆ. ಅದರ ಕೆಳಗೆ ಮಾವನ ಸೈಕಲಿನದೂ ಇದೆ.